ಎರಡೂ ಸಾಲು ಉಳಿಸಿದ ದಿನ

ಮೂರು ವರ್ಷಗಳ ಹಿಂದಿನ ಮುಂಗಾರು. ಕುಂದಗೋಳದ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ನಾನು ಹಿರಿಯ ಪ್ರೋಗ್ರಾಮರ್. ಹಾವು ಕಚ್ಚಿದವರನ್ನು ಯಾವ ಆಸ್ಪತ್ರೆಗೆ ಒಯ್ದರೆ ಇಂಜೆಕ್ಷನ್ ಸಿಗುತ್ತದೆ ಎಂದು ಊರವರ ಮೊಬೈಲಿಗೆ ತಿಳಿಸುವ ಆ್ಯಪ್ ನಮ್ಮದು. ಅದನ್ನು ಬರೆಯುವವರು ಇಬ್ಬರೇ, ನಾನು ಮತ್ತು ಮಂಜುನಾಥ.

ಒಂದೇ ಸಾಲನ್ನು ಇಬ್ಬರೂ ತಿದ್ದಿದರೆ, ಬದಲಾವಣೆಗಳನ್ನು ಕಾಯ್ದಿಡುವ ಗಿಟ್ ಎಂಬ ತಂತ್ರಾಂಶ ಎರಡನ್ನೂ ಗುರುತು ಹಾಕಿ ಮುಂದಿಟ್ಟು ನಿಂತುಬಿಡುತ್ತದೆ. ಇದೇ ಮರ್ಜ್ ಕಾನ್‌ಫ್ಲಿಕ್ಟ್. ಯಾವ ಸಾಲು ಉಳಿಯಬೇಕೆಂದು ನಾವೇ ಹೇಳಬೇಕು. ಆಗ ಮೇಜಿನಾಚೆ ಕೂಗಿ ಕೇಳುವುದು, ಕೇಳದೆ ಇನ್ನೊಬ್ಬರ ಸಾಲು ಅಳಿಸದಿರುವುದು ನಮ್ಮ ರೂಢಿ.

ಆ ಮಧ್ಯಾಹ್ನ ಯರಗುಪ್ಪಿ ಎಂಬ ಊರಿನವರು ಯಾವ ಆಸ್ಪತ್ರೆಗೆ ಹೋಗಬೇಕೆಂದು ಹೇಳುವ ಸಾಲು ಹೀಗೆ ಸಿಕ್ಕಿಕೊಂಡಿತು. ಮಂಜುನಾಥ ಬರೆದದ್ದು ಹುಬ್ಬಳ್ಳಿ. ಹಳೆಯ ವರದಿ ನೋಡಿ ನಾನು ಬರೆದದ್ದು ಹತ್ತಿರದ ಒಂದು ಖಾಸಗಿ ಆಸ್ಪತ್ರೆ. ಅವನು ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕಲಘಟಗಿಗೆ ಹೋಗಿದ್ದ. ಶುಭಕಾರ್ಯದ ನಡುವೆ ಫೋನೇಕೆ, ನಾಳೆ ಕೇಳಿದರಾಯಿತು ಎಂದುಕೊಂಡೆ. ಎರಡೂ ಸಾಲು ಹಾಗೇ ಬಿಟ್ಟು, ಬಗೆಹರಿದಿದೆ ಎಂದು ಗಿಟ್‌ಗೆ ಸುಳ್ಳು ಹೇಳಿ ಅಮೆಂಡ್ ಮಾಡಿದೆ. ಅಮೆಂಡ್ ಎಂದರೆ ಹೊಸ ಕಮಿಟ್, ಅಂದರೆ ಬರೆದವರ ಹೆಸರಿರುವ ಹೊಸ ದಾಖಲೆ, ಸೇರಿಸದೆ ಹಿಂದಿನದನ್ನೇ ತಿದ್ದುವುದು; ಅದರ ಮೇಲಿನ ಹೆಸರು ಬದಲಾಗುವುದಿಲ್ಲ. ಆ ಹಿಂದಿನ ಕಮಿಟ್ ಮಂಜುನಾಥನದು ಎಂಬುದನ್ನು ನೋಡಲೇ ಇಲ್ಲ. ಹಳೆಯ ದಾಖಲೆ ಬದಲಾಗಿದೆ ಎಂದು ಸರ್ವರ್ ನಿರಾಕರಿಸಿತು, ಬಲವಂತವಾಗಿ ಪುಶ್ ಮಾಡಿ ಅದರ ಮೇಲೆ ಹೇರಿದೆ. ಅನುಭವದ ಸೊಕ್ಕು ಅದು.

ಆ್ಯಪ್ ತನಗೆ ತಿಳಿಯದ ಗುರುತುಗಳನ್ನು ಬಿಟ್ಟು ಕೊನೆಯ ಸಾಲನ್ನು, ಅಂದರೆ ನನ್ನದನ್ನು, ಹಿಡಿಯಿತು.

ಮರುದಿನ ಬೆಳಿಗ್ಗೆ ಯರಗುಪ್ಪಿಯಲ್ಲಿ ಕಳೆ ತೆಗೆಯುತ್ತಿದ್ದ ಶಾಂತವ್ವನಿಗೆ ಹಾವು ಕಚ್ಚಿತು. ಆ್ಯಪ್ ತೋರಿಸಿದ ಆಸ್ಪತ್ರೆಗೆ ಅವಳ ತಮ್ಮ ಬೈಕಿನಲ್ಲಿ ಒಯ್ದ. ಅಲ್ಲಿ ಇಂಜೆಕ್ಷನ್ ಎರಡು ದಿನ ಮೊದಲೇ ಮುಗಿದಿತ್ತು. ಮಂಜುನಾಥ ಹುಬ್ಬಳ್ಳಿ ಎಂದು ಬರೆದದ್ದು ಅದಕ್ಕೇ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಮೂರನೆಯ ದಿನ ಶಾಂತವ್ವನ ತಮ್ಮ ನಮ್ಮ ಕಚೇರಿಗೆ ಬಂದ. "ಮೊದ್ಲ ಹುಬ್ಬಳ್ಳಿ ಅಂತ ತೋರ್ಸಿದ್ರ ನಮ್ಮಕ್ಕ ಉಳೀತಿದ್ಲರಿ. ಯಾರ್ ಬರದಾರ ಇದನ್ನ?"

ಸಂಸ್ಥೆಯ ಮುಖ್ಯಸ್ಥರು ಗಿಟ್ ತೆರೆದು ನೋಡಿದರು. ಆ ಕಮಿಟ್ ಮೇಲೆ ಮಂಜುನಾಥನ ಹೆಸರಿತ್ತು.

"ನಾ ಹುಬ್ಬಳ್ಳಿ ಅಂತನ ಬರದಿದ್ದೆರಿ," ಎಂದ ಅವನು. ಯಾರೂ ನಂಬಲಿಲ್ಲ.

ನಾನು ಎದ್ದು ನಿಂತು, "ಅದು ನಾನ ಮಾಡಿದ್ದರಿ," ಎಂದೆ.

ಕೆಲಸ ಬಿಟ್ಟೆ. ಹೊರಡುವಾಗ ಮಂಜುನಾಥ ಬಾಗಿಲವರೆಗೆ ಬಂದ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. "ಅಕ್ಕಾರ, ಒಂದ್ ಫೋನ್ ಮಾಡಬಾರ್ದಿತ್ತೇನ್ರಿ? ತೊಟ್ಲಾ ತೂಗಕೋಂತನ ಹೇಳ್ತಿದ್ನೆಲ್ರಿ," ಎಂದ.

ಈಗ ಹೊಸಬರಿಗೆ ಗಿಟ್ ಕಲಿಸುತ್ತೇನೆ. ಕಾನ್‌ಫ್ಲಿಕ್ಟ್ ಬಂದರೆ ಕೆಲಸ ನಿಲ್ಲಿಸಿ, ಬರೆದವರು ಎಲ್ಲೇ ಇರಲಿ, ಕೇಳಿ ಎನ್ನುತ್ತೇನೆ. ಯರಗುಪ್ಪಿಯ ಸಾಲನ್ನು ಅದೇ ವಾರ ಮಂಜುನಾಥ ಸರಿಮಾಡಿದ. ಶಾಂತವ್ವನ ಪಾಲಿಗೆ ಅದು ತಡವಾಗಿತ್ತು.