ಹೊಟ್ಟೆಯಿಂದ ಬಿಡಿಸಿಕೊಂಡ ಕೈ

ರಾಮದುರ್ಗದ ಕೆಂಪವ್ವನ ಬಲಗೈ 1974ರಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ, ಮೇಲಿನ ಚರ್ಮ ಕಿತ್ತುಹೋಗಿ ಎಲುಬು ಕಂಡಿತು. ಬೆಳಗಾವಿಯ ಡಾಕ್ಟರು ಅವಳ ಹೊಟ್ಟೆಯ ಚರ್ಮವನ್ನು ಪೂರ್ತಿ ಕತ್ತರಿಸದೆ ಪದರವಾಗಿ ಎಬ್ಬಿಸಿ ಗಾಯದ ಮೇಲೆ ಹೊದಿಸಿ ಹೊಲಿದರು. ಆ ಚರ್ಮ ಕೈಯ ರಕ್ತ ಹಿಡಿದು ಬದುಕುವ ತನಕ, ಮೂರು ವಾರ, ಕೈ ಹೊಟ್ಟೆಗೇ ಅಂಟಿಕೊಂಡಿತ್ತು. ಗಂಡ ಕಾಡಪ್ಪ ತುತ್ತು ಮಾಡಿ ಉಣಿಸಿದ.

ಆಮೇಲೆ ಡಾಕ್ಟರು ನಡುವಿನ ಚರ್ಮ ಕೊಯ್ದು ಕೈ ಬಿಡಿಸಿದರು. ಹೊಸ ಚರ್ಮ ಹೋಳಿಗೆಯಂತೆ ಉಬ್ಬಿತ್ತು, ಆದರೆ ಬೆರಳೆಲ್ಲ ಆಡಿದವು.

ಗಾಯ ಆರಿದ ಮೇಲೆ ಊರಿಗೆ ಹೊರಟ ಬಸ್ಸಿನ ಕಿಟಕಿಯಿಂದ ಅವಳು ಕಂಡಕಂಡವರಿಗೆಲ್ಲ ಕೈ ಬೀಸತೊಡಗಿದಳು. ಎಮ್ಮೆಗಳನ್ನೂ ಬಿಡಲಿಲ್ಲ.

“ಯಾರಿಗೆ ಕೈ ಮಾಡಾಕ ಹತ್ತೀದಿ?” ಕಾಡಪ್ಪ ನಾಚಿಕೊಂಡು ಕೇಳಿದ.

“ಎಲ್ಲಾರಿಗೂ. ಕೈ ತಿರಗಿ ಬಂದೈತಿ ಅಂತ ಅವರಿಗೂ ಗೊತ್ತಾಗಲಿ.”

ಯರಗಟ್ಟಿಯಲ್ಲಿ ತನ್ನನ್ನೇ ಕರೆದಳೆಂದು ಒಬ್ಬ ಮುದುಕ ಓಡಿಬಂದ. ಕಂಡಕ್ಟರ್ ಬಸ್ಸು ನಿಲ್ಲಿಸಿದ.

“ಯಾಕ ಕರದಿ, ತಂಗಿ?” ಮುದುಕ ಏದುಸಿರು ಬಿಡುತ್ತ ಕೇಳಿದ.

ನಗು ತಡೆಯಲಾರದೆ ಕೆಂಪವ್ವ ಕೈ ಚಾಚಿದಳು. “ಮೊನ್ನಿ ತನಕ ಇದು ಹೊಟ್ಟಿ ಆಗಿತ್ರೀ, ಯಜ್ಜಾ.”

ಮುದುಕ ಮುಟ್ಟಿ ನೋಡಿ ಬೆರಗಾದ. ಬಸ್ಸಿಗೆ ಬಸ್ಸೇ ನಕ್ಕಿತು. ಮುಂದಿನ ಊರು ಬರುವಷ್ಟರಲ್ಲಿ ಕಾಡಪ್ಪನೂ ಇನ್ನೊಂದು ಕಿಟಕಿಯಿಂದ ಕೈ ಬೀಸುತ್ತಿದ್ದ.