ಹದಿನಾಲ್ಕರಲ್ಲಿ ನಿಂತ ಮುಳ್ಳು

ಓಡುವ ಎರಡು ಕಾರುಗಳು ಬಿಸಿಲಲ್ಲಿ ನಿಂತು, ಓಡದ ಒಂದು ಕಾರು ನೆರಳಲ್ಲಿ ಕೂತಿದ್ದ ಕಾಲ ಅದು. ಅಲೆನ್ ಎಂಬ ಊರಿನ ನಮ್ಮ ಬೀದಿಯಲ್ಲಿ ಮನೆಗಳೆಲ್ಲ ಹೊಸವು, ಕಾರುಗಳೂ ಹೊಸವು. ನಮ್ಮ ಗ್ಯಾರೇಜಿನಲ್ಲಿ ಮಾತ್ರ ನಾನು ಹುಟ್ಟುವುದಕ್ಕೆ ಮೂವತ್ತೈದು ವರ್ಷ ಮುಂಚಿನ, ದೋಣಿಯಷ್ಟು ಉದ್ದದ ಒಂದು ನೀಲಿ ಕಾರು. ನಾನಾಗ ಆರನೇ ಕ್ಲಾಸು. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿಯವಳು.

ಅಪ್ಪ ಪಕ್ಕದೂರು ಪ್ಲೇನೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತವನಾದ್ದರಿಂದ ಆ ಕೆಲಸ ಬಿಡುವ ಹಾಗಿರಲಿಲ್ಲ, ಅಲ್ಲಿಯ ಮ್ಯಾನೇಜರಿಗೆ ಎದುರು ಮಾತಾಡುವ ಹಾಗೂ ಇರಲಿಲ್ಲ. ವಾರವಿಡೀ ಬಾಯಿ ಕಟ್ಟಿಕೊಂಡು ಇರುತ್ತಿದ್ದವನು ಶನಿವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಮೇಲೆತ್ತಿದನೆಂದರೆ ಬೇರೆಯೇ ಮನುಷ್ಯ. ಎಂಜಿನ್ ಪೂರ್ತಿ ಬಿಚ್ಚಿ, ಹೊಸ ಭಾಗಗಳನ್ನು ಹಾಕಿ, ಮತ್ತೆ ಜೋಡಿಸುವುದು ಅವನ ಹಟ. ಅದು ಮುಗಿದ ದಿನ ನಾವು ನಾಲ್ವರೂ ಹ್ಯೂಸ್ಟನ್ ದಾಟಿ ಸಮುದ್ರ ನೋಡಿಬರಬೇಕೆಂದು ಮಾತಾಗಿತ್ತು.

ನಾಲ್ಕನೆಯವರು ಬಸವರಾಜ ಅಂಕಲ್. ಗದಗಿನ ಕಡೆಯವರು, ಫಾರ್ಮರ್ಸ್ ಬ್ರಾಂಚ್ ಎಂಬ ಹತ್ತಿರದ ಊರಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಅವರ ತಂದೆ ಹುಬ್ಬಳ್ಳಿಯಲ್ಲಿ ಗ್ಯಾರೇಜು ಇಟ್ಟಿದ್ದವರಂತೆ. ಅಂಕಲ್ ಕೂಡ ಸಾಫ್ಟ್‌ವೇರಿನವರೇ, ಆದರೆ ಸ್ಪ್ಯಾನರ್ ಹಿಡಿದಾಗ ಕೈ ತಾನಾಗಿ ತಿರುಗುತ್ತಿತ್ತು. ಪ್ರತಿ ಶನಿವಾರ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದು ಬರುತ್ತಿದ್ದರು. ಪೆಟ್ರೋಲಿನ ವಾಸನೆಯ ಜೊತೆ ಹುರಿದ ಶೇಂಗಾದ ವಾಸನೆ ಸೇರಿದರೆ ನನಗೆ ಈಗಲೂ ಹಸಿವಾಗುತ್ತದೆ. ನಾನು ಡ್ರೈವ್‌ವೇ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟೆಬಿಲ್ಲೆ ಆಡುತ್ತಿದ್ದರೆ, "ತಂಗಿ, ಗೆರಿ ತುಳದಿ ನೋಡು," ಎಂದು ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡೇ ಹೇಳುತ್ತಿದ್ದರು. ಹೇಗೆ ಕಾಣುತ್ತಿತ್ತೋ ದೇವರಿಗೇ ಗೊತ್ತು.

ಆ ವರ್ಷ ಆಯುಧಪೂಜೆ ಬಂದಾಗ ಎಂಜಿನ್ ಅರ್ಧ ಜೋಡಣೆಯಾಗಿತ್ತು. ಅಮ್ಮ ಗ್ಯಾರೇಜಿನ ಮೇಜು ಒರೆಸಿ, ಸ್ಪ್ಯಾನರು, ಸುತ್ತಿಗೆ, ಅಪ್ಪನ ಲ್ಯಾಪ್‌ಟಾಪು, ತನ್ನ ಮಿಕ್ಸಿ, ಇನ್ನೂ ಹಾಕದ ಎಂಜಿನ್ ಭಾಗಗಳು ಎಲ್ಲವನ್ನೂ ಸಾಲಾಗಿ ಇಟ್ಟಳು. "ಮೊದಲು ಒಂದೊಂದನ್ನೂ ಚೆನ್ನಾಗಿ ಒರೆಸು, ಆಮೇಲೆ ಅರಿಶಿನ ಕುಂಕುಮ ಇಡು," ಎಂದು ಬಟ್ಟಲು ನನ್ನ ಕೈಗೆ ಕೊಟ್ಟು ಕೋಸಂಬರಿ ಕಲಸಲು ಒಳಗೆ ಹೋದಳು.

ನಾನು ಹೇಳಿದ ಮಾತು ಕೇಳುವ ಹುಡುಗಿ. ಅದೇ ಯಡವಟ್ಟಾಯಿತು. ಮೇಜಿನ ಮೇಲೆ ಎರಡು ಹಲ್ಲುಚಕ್ರಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದರ ಒಂದು ಹಲ್ಲಿನ ಬುಡದಲ್ಲಿ ಅಮ್ಮನ ಕೆಂಪು ನೇಲ್ ಪಾಲಿಶಿನ ಕಲೆ. ಪೂಜೆಗೆ ಕಲೆ ಇರಬಾರದಲ್ಲ? ಅಮ್ಮನ ರಿಮೂವರ್ ತಂದು ಹತ್ತಿಯಿಂದ ತಿಕ್ಕಿ ತೆಗೆದೆ. ಆಮೇಲೆ ನೋಡಿದರೆ, ಕೆಂಪು ಇದ್ದ ಚಕ್ರ ಬೋಳು ಬೋಳಾಗಿ ಕಂಡಿತು. ಬೆರಳ ತುದಿಯಲ್ಲಿ ಎಣ್ಣೆಗೆ ಕಲಸಿದ ಕುಂಕುಮ ತೆಗೆದುಕೊಂಡು ಹೆಚ್ಚುಕಡಿಮೆ ಅದೇ ಜಾಗದಲ್ಲಿ ಚುಕ್ಕಿ ಇಟ್ಟೆ. ಚೆನ್ನಾಗಿ ಕಂಡಿತು. ಚಿಕ್ಕ ಚಕ್ರದಲ್ಲೂ ಅಂಥದ್ದೇ ಕಲೆ ಇತ್ತು, ಅದನ್ನು ತೆಗೆಯುವ ಮೊದಲೇ ಅಮ್ಮ ಮಂಗಳಾರತಿಗೆ ಕರೆದಳು, ಅದು ಹಾಗೇ ಉಳಿಯಿತು.

ಮುಂದಿನ ಶನಿವಾರ ಅಂಕಲ್ ಆ ಎರಡು ಚಕ್ರಗಳನ್ನು ಎಂಜಿನ್ನಿನ ಮುಂಭಾಗದಲ್ಲಿ ಕೂರಿಸಿ ಚೈನು ಹಾಕಿದರು. ನಾನು ಶಾಲೆಯ ಕಾರ್ಯಕ್ರಮಕ್ಕೆ ಹೋಗಿದ್ದೆ.

ನವೆಂಬರಿನಲ್ಲಿ ಎಂಜಿನ್ ಶುರುವಾಯಿತು. ಅಪ್ಪ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದ. ಎರಡೇ ನಿಮಿಷ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಎಂಜಿನ್ ಚಳಿಜ್ವರ ಬಂದವರಂತೆ ನಡುಗಿ ನಿಂತುಬಿಡುತ್ತಿತ್ತು. ಅಪ್ಪ ಒಂದು ಗೇಜ್ ತಂದು ರಬ್ಬರ್ ಟ್ಯೂಬಿನಿಂದ ಸಿಕ್ಕಿಸಿದ. ಎಂಜಿನ್ ಎಷ್ಟು ಬಲವಾಗಿ ಗಾಳಿ ಎಳೆಯುತ್ತಿದೆ ಎಂದು ತೋರಿಸುವ ಮುಳ್ಳು ಅದು. ಹತ್ತೊಂಬತ್ತು, ಇಪ್ಪತ್ತರ ಹತ್ತಿರ ಇರಬೇಕಂತೆ. ಹದಿನಾಲ್ಕರಲ್ಲಿ ನಿಂತಿತು.

ಆಮೇಲಿನ ಶನಿವಾರಗಳಲ್ಲಿ ನನ್ನ ಕೆಲಸ ಡ್ರೈವರ್ ಸೀಟಿನ ತುದಿಯಲ್ಲಿ ಕೂತು, ಅಪ್ಪ ಹೇಳಿದಾಗ ಆಕ್ಸಿಲರೇಟರ್ ಒತ್ತುವುದು, ಹೇಳಿದಾಗ ಬಿಡುವುದು. ಆ ಕಾರಿನ ಡ್ರೈವರ್ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ, ಪಕ್ಕದ ಸೀಟಿನ ತುಂಬ ಡಬ್ಬ, ಪೆಟ್ಟಿಗೆ. ಯಾರಾದರೂ ಹೊರಗಿನಿಂದ ತೆಗೆದರೆ ಮಾತ್ರ ನನಗೆ ಬಿಡುಗಡೆ. ಗೆಳತಿಯರು ಬೀದಿಯಲ್ಲಿ ಸೈಕಲ್ ಹೊಡೆಯುವುದನ್ನು ಗಾಜಿನೊಳಗಿಂದ ನೋಡುತ್ತ, ಬೆವರುತ್ತ ಕೂರುತ್ತಿದ್ದೆ.

ಗಾಳಿ ಎಲ್ಲಿಂದಲೋ ಸೋರುತ್ತಿದೆ ಎಂದು ಅಪ್ಪ ಮೊದಲು ಹುಡುಕಿದ. ಕೊಳವೆ ಸೇರುವ ಜಾಗಗಳಿಗೆಲ್ಲ ಸ್ಪ್ರೇ ಹೊಡೆದು ಎಂಜಿನ್ ಸದ್ದು ಬದಲಾಗುತ್ತದೋ ಎಂದು ಕಿವಿಗೊಟ್ಟ. ಬದಲಾಗಲಿಲ್ಲ. ಟ್ಯೂಬುಗಳನ್ನು ಬದಲಿಸಿದ. ಕಾರ್ಬುರೇಟರಿನ ಸ್ಕ್ರೂ ಆ ಕಡೆ ಈ ಕಡೆ ತಿರುಗಿಸಿದ. ಅಂಕಲ್ ಕಿಡಿ ಹೊತ್ತುವ ವೇಳೆಯನ್ನು ಹಿಂದೆ ಮುಂದೆ ಮಾಡಿ ನೋಡಿದರು. ಮುಳ್ಳು ಅಲ್ಲಾಡಲಿಲ್ಲ. ಮೂರನೇ ಶನಿವಾರ ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಎಸೆದ.

"ಸೋರಿಕೆ ಇಲ್ಲ. ಮುಳ್ಳು ಅದುರ್ತಾ ಇಲ್ಲ, ಕೆಳಗೇ ನಿಂತಿದೆ. ಎಂಜಿನ್ ಮುಂದಿನ ಹಲ್ಲುಚಕ್ರ ಒಂದು ಹಲ್ಲು ತಪ್ಪಿರ್ಬೇಕು ಬಸವರಾಜ್. ಅದನ್ನ ಹಾಕಿದ್ದು ನೀವು."

"ನೀವು ನೇಲ್ ಪಾಲಿಶ್ ಹಚ್ಚಿದ್ರಲ್ರೀ, ಆ ಎರಡು ಕೆಂಪ್ ಗುರ್ತು ಎದುರಾಬದುರಾ ತಂದಽ ಕೂಡ್ಸೀನಿ," ಎಂದರು ಅಂಕಲ್.

"ನನ್ನ ಗುರುತು ಸರಿಯಾಗಿತ್ತು."

"ನಾನೂ ಸರಿ ನೋಡೇ ಹಾಕೀನ್ರೀ."

ನನ್ನ ಕಾಲು ಆಕ್ಸಿಲರೇಟರ್ ಮೇಲೇ ಇತ್ತು. ನೇಲ್ ಪಾಲಿಶ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅರ್ಥವಾಯಿತು. ಅದು ಕಲೆಯಲ್ಲ, ಗುರುತು. ನನ್ನ ಬೆರಳೇ ಅದನ್ನು ಸರಿಸಿತ್ತು. ಬಾಗಿಲಿನ ಹಿಡಿಕೆ ಎಳೆದೆ. ಬರುವುದಿಲ್ಲವೆಂದು ಗೊತ್ತಿದ್ದೂ ಎಳೆದೆ.

ಆಗ ಅಪ್ಪ ಆಡಿದ ಮಾತು: "ಅಪ್ಪ ಗ್ಯಾರೇಜು ಇಟ್ಟಿದ್ರೆ ಮಗನಿಗೆ ಕೆಲಸ ಬರುತ್ತೆ ಅಂದುಕೊಂಡಿದ್ದು ನನ್ನ ತಪ್ಪು."

ಅಂಕಲ್ ಸಿಂಕಿನ ಹತ್ತಿರ ಹೋಗಿ ನಿಧಾನವಾಗಿ ಕೈ ತೊಳೆದರು. ಹೋಗುವ ಮುಂಚೆ ಬಂದು ನನ್ನ ಬಾಗಿಲು ತೆಗೆದರು. "ಸೆಕಿ ಆಗೇದ, ಹೊರಗ ಬಾ ತಂಗಿ," ಎಂದರು. ಆ ಕ್ಷಣ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅಪ್ಪನ ಮುಖ ನೋಡಿ ಹೆದರಿದೆ, ಅಷ್ಟೇ. ಇದಕ್ಕೆ ಬೇರೆ ನೆಪ ಹುಡುಕಿ ವರ್ಷಗಳೇ ಆದವು, ಸಿಕ್ಕಿಲ್ಲ.

ಮೂರು ವಾರ ಬಾಯಿ ಬಿಡಲಿಲ್ಲ. ಶಾಲೆಯಲ್ಲಿ, ಬಸ್ಸಿನಲ್ಲಿ, ಹಾಸಿಗೆಯಲ್ಲಿ, ಎಲ್ಲಿದ್ದರೂ ಆ ಸೀಟಿನಲ್ಲೇ ಕೂತ ಹಾಗಿತ್ತು. ಅಂಕಲ್ ಬರಲಿಲ್ಲ. ಅಪ್ಪ ಒಬ್ಬನೇ ಅದೇ ಟ್ಯೂಬುಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದ. ಎಂಜಿನ್ ಬಿಚ್ಚಿ ನೋಡಲು ಅವನಿಗೂ ಧೈರ್ಯವಿರಲಿಲ್ಲವೆಂದು ಈಗ ಅನಿಸುತ್ತದೆ. ಅಂಕಲ್ ಸರಿ ಇದ್ದಿದ್ದರೆ ಆಡಿದ ಮಾತಿಗೆ ಏನು ಮಾಡುವುದು? ಒಂದು ಶನಿವಾರ ಮಧ್ಯಾಹ್ನ ಅಮ್ಮ ಅಭ್ಯಾಸಬಲದಿಂದ ನಾಲ್ಕು ತಟ್ಟೆ ಇಟ್ಟಳು. ನೋಡಿ, ಒಂದನ್ನು ತೆಗೆದು ವಾಪಸು ಜೋಡಿಸಿದಳು.

ಊಟವಾದ ಮೇಲೆ ಅಪ್ಪ ಮತ್ತೆ ನನ್ನನ್ನು ಸೀಟಿನಲ್ಲಿ ಕೂರಿಸಿದ. ಮುಳ್ಳು ಮತ್ತೆ ಹದಿನಾಲ್ಕು. ಎಂಜಿನ್ ಆರಿಸಲು ಹೇಳಿ ನನ್ನ ಬಾಗಿಲು ತೆಗೆಯಲು ಬಂದ.

"ಬಾಗಿಲು ತೆಗೀಬೇಡ ಅಪ್ಪಾ," ಎಂದೆ. ತೆಗೆದಿದ್ದರೆ ಓಡಿಹೋಗುತ್ತಿದ್ದೆ. ನಾಲ್ಕು ಬೆರಳಷ್ಟೇ ಇಳಿಯುತ್ತಿದ್ದ ಗಾಜಿನ ಆಚೆ ನಿಂತ ಅಪ್ಪನಿಗೆ ರಿಮೂವರು, ಹತ್ತಿ, ಕುಂಕುಮ ಎಲ್ಲವನ್ನೂ ಹೇಳಿದೆ. ಅಪ್ಪ ಬೈಯಲಿಲ್ಲ. ಬಾಗಿಲು ತೆಗೆದು, ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಕ್ರಿಸ್‌ಮಸ್ ರಜೆಯಲ್ಲಿ ಎಂಜಿನ್ನಿನ ಮುಂಭಾಗ ಬಿಚ್ಚಿದ. ಎಣ್ಣೆ ಒರೆಸಿ ಟಾರ್ಚ್ ಹಿಡಿದರೆ, ದೊಡ್ಡ ಚಕ್ರದ ಮೇಲೆ ಕಂಪನಿಯವರೇ ಕೊರೆದಿದ್ದ ಮಸುಕು ಚುಕ್ಕಿ ಚಿಕ್ಕ ಚಕ್ರದ ಗುರುತಿಗೆ ಎದುರಾಗದೆ, ಸರಿಯಾಗಿ ಒಂದು ಹಲ್ಲು ಪಕ್ಕದಲ್ಲಿತ್ತು. ಕುಂಕುಮ ಯಾವಾಗಲೋ ಎಣ್ಣೆಯಲ್ಲಿ ತೊಳೆದುಹೋಗಿತ್ತು. ಚಕ್ರ ತಿರುಗಿಸಿ ಕೂರಿಸಿ ಶುರುಮಾಡಿದಾಗ ಮುಳ್ಳು ಹತ್ತೊಂಬತ್ತಕ್ಕೆ ಹೋಗಿ ನಿಂತಿತು. ಎಂಜಿನ್ ಸದ್ದು ಬೆಕ್ಕು ನಿದ್ದೆಯಲ್ಲಿ ಗುರುಗುಟ್ಟಿದ ಹಾಗಿತ್ತು. ಚಪ್ಪಾಳೆ ತಟ್ಟಲು ಯಾರಿಗೂ ಮನಸ್ಸಾಗಲಿಲ್ಲ.

ಅಪ್ಪ ಅಂಕಲಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟ. "ನೀನೇ ಹೇಳು," ಎಂದ.

ಹುಟ್ಟಿದ ಮೇಲೆ ಮೊದಲ ಸಲ ಅಷ್ಟುದ್ದ ಕನ್ನಡ ಮಾತಾಡಿದೆ. ಅಂಕಲಿಗೆ ಇಂಗ್ಲಿಷಿನಲ್ಲಿ ಹೇಳಿದರೆ ಸಾಲದು ಅನಿಸಿತ್ತು. ಅವರು ಪೂರ್ತಿ ಕೇಳಿ ನಕ್ಕರು.

"ದೇವರ ಕುಂಕುಮ ಹಚ್ಚೀದಿ, ಅದಕ್ಯಾಕ ಅಳ್ತಿ ತಂಗಿ? ಆ ಹಳೇ ಚುಕ್ಕಿ ನಾನಽ ನೋಡ್ಬೇಕಿತ್ತು. ಹೋಗ್ಲಿ ಬಿಡು." ಆಮೇಲೆ ಕೇಳಿದರು, "ಅಪ್ಪಾರು ಅಲ್ಲೇ ಅದಾರೇನು?"

ತಿರುಗಿ ನೋಡಿದೆ. ಅಪ್ಪ ಸಿಂಕಿನ ಮುಂದೆ ಬೆನ್ನು ಹಾಕಿ ನಿಂತಿದ್ದ.

"ಇದಾರೆ ಅಂಕಲ್. ಕೈ ತೊಳೀತಿದಾರೆ."

"ತೊಳೀಲಿ ಬಿಡು," ಎಂದು ಫೋನ್ ಇಟ್ಟರು.

ಅಪ್ಪ ತಾನಾಗಿ ಫೋನ್ ಮಾಡಲೇ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಅಂಕಲ್ ಮೂರ್ನಾಲ್ಕು ಗಂಟೆ ದೂರದ ಆಸ್ಟಿನ್ನಿನಲ್ಲಿ ಬೇರೆ ಕೆಲಸ ಹಿಡಿದು ಅದರ ಹತ್ತಿರದ ಲಿಯಾಂಡರಿಗೆ ಶಿಫ್ಟ್ ಆದರೆಂದು ಯಾರಿಂದಲೋ ತಿಳಿಯಿತು. ಆ ಬೇಸಿಗೆ ನಾವು ಮೂವರು ಸಮುದ್ರ ನೋಡಿಬಂದೆವು. ಹ್ಯೂಸ್ಟನ್ ದಾಟಿ ಹೋದರೂ ಕಾರು ಒಮ್ಮೆಯೂ ನಡುಗಲಿಲ್ಲ. ಹಿಂದಿನ ಸೀಟಿನಲ್ಲಿ ನಾನೊಬ್ಬಳೇ, ಕಾಲು ಚಾಚಿ ಮಲಗುವಷ್ಟು ಜಾಗ. ಮಲಗಲಿಲ್ಲ.

ಈಗ ನನ್ನದು ಕರೆಂಟಿನ ಕಾರು. ಅದು ನಿಂತಾಗ ಸದ್ದೇ ಇಲ್ಲ, ಕಿವಿಗೊಟ್ಟು ಕೇಳುವಂಥದ್ದೇನೂ ಅದರಲ್ಲಿಲ್ಲ. ನಮ್ಮ ಮನೆಯಲ್ಲಿ ಆಮೇಲೆ ಯಾರೂ ನನ್ನನ್ನು ತಂಗಿ ಎಂದು ಕರೆದಿಲ್ಲ. ಶನಿವಾರಗಳಿಗೆ ಶೇಂಗಾದ ವಾಸನೆಯಿಲ್ಲ. ನೀಲಿ ಕಾರು ಇನ್ನೂ ಇದೆ, ಬಾಗಿಲು ಇನ್ನೂ ರಿಪೇರಿಯಾಗಿಲ್ಲ. ಹೋದ ವರ್ಷ ಅಪ್ಪ ಅದರಲ್ಲಿ ಕೂತಿದ್ದಾಗ, "ಬಸವರಾಜ ಅಂಕಲಿಗೆ ಒಂದು ಫೋನ್ ಮಾಡಪ್ಪಾ," ಎಂದೆ. "ಈಗ ಏನಂತ ಮಾಡೋದು," ಎಂದ. ಹನ್ನೊಂದು ವರ್ಷದವಳು ಗಾಜಿನ ಸಂದಿಯಿಂದ ಹೇಳಿ ಹೊರಗೆ ಬಂದಿದ್ದೆ. ಅಪ್ಪ ಆ ಸೀಟಿನಲ್ಲೇ ಉಳಿದ. ನಾನು ಬಾಗಿಲು ತೆಗೆದು ಹಿಡಿದೆ, ಅವನು ಸ್ಟಿಯರಿಂಗ್ ಒರೆಸುತ್ತ ಕೂತೇ ಇದ್ದ.