ಠಾಣೆಯ ಪೆಟ್ಟಿಗೆಯಲ್ಲಿ ಅಣ್ಣನ ಇಷ್ಟಲಿಂಗ

ಅಣ್ಣನನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದವರು ನಮ್ಮ ಮನೆಯವರೇ. ಯಾರೂ ಬಂದು ಎಳೆದೊಯ್ಯಲಿಲ್ಲ. ಎಪ್ಪತ್ತರ ದಶಕದಲ್ಲಿ, ತಾನಾಗಿ ಬರಲೊಪ್ಪದ ಹುಚ್ಚನನ್ನು ಆಸ್ಪತ್ರೆಗೆ ಸೇರಿಸಲು ಮ್ಯಾಜಿಸ್ಟ್ರೇಟರ ಆರ್ಡರ್ ಬೇಕು, ಅದಕ್ಕೆ ಠಾಣೆಯ ಮೂಲಕ ಹೋಗಿ ಎಂದು ಆಸ್ಪತ್ರೆಯವರು ಹೇಳಿದ್ದರು. ಹುಚ್ಚ ಎಂದು ಊರೇ ಅನ್ನುತ್ತಿತ್ತು, ನಾನೇಕೆ ನಾಜೂಕು ಮಾಡಲಿ? ಅಪ್ಪ ಮೇಷ್ಟರು. ಸರ್ಕಾರದ ಜಾಗ ಭದ್ರವಾದ ಜಾಗ ಎಂದು ಮಕ್ಕಳಿಗೆ ಪಾಠ ಹೇಳಿ ಹೇಳಿ ತಾವೂ ನಂಬಿಬಿಟ್ಟಿದ್ದರು.

ನಾವು ದಾವಣಗೆರೆ ಕಡೆಯಿಂದ ಬಂದು ಬೆಂಗಳೂರಿನ ವಿಜಯನಗರದಲ್ಲಿ ಮನೆ ಮಾಡಿದ್ದವರು. ಕಾಯಿಲೆ ಹೆಚ್ಚಾದ ಮೇಲೆ ಅಣ್ಣ ಸ್ನಾನ ಬಿಟ್ಟ, ನಿದ್ದೆ ಬಿಟ್ಟ. ನಾಯಂಡಹಳ್ಳಿಗೆ ನಡೆದು ಹೋಗಿ ಮೈಸೂರು ರಸ್ತೆಯ ಲಾರಿಗಳಿಗೆ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದ. ಒಂದು ದಿನ ಕೂದಲೆಳೆಯ ಅಂತರದಲ್ಲಿ ಉಳಿದ. ಅಂದೇ ಅಪ್ಪ ನಿರ್ಧಾರ ಮಾಡಿದ್ದು.

ಇಷ್ಟೆಲ್ಲ ಕೆಟ್ಟರೂ ಅವನಲ್ಲಿ ಕೆಡದೆ ಉಳಿದದ್ದು ಒಂದಿತ್ತು. ಕೊರಳಿನ ಶಿವದಾರದಿಂದ ಇಷ್ಟಲಿಂಗವನ್ನು ಬಿಚ್ಚಿ, ಎಡ ಅಂಗೈಯಲ್ಲಿಟ್ಟುಕೊಂಡು, ಲೋಟವನ್ನು ಅದಕ್ಕೆ ತೋರಿಸಿಯೇ ನೀರು ಕುಡಿಯುತ್ತಿದ್ದ. ತೋರಿಸದೆ ಒಂದು ಗುಟುಕೂ ಇಳಿಯುತ್ತಿರಲಿಲ್ಲ. ಅಪ್ಪನಿಗೇ ಅಷ್ಟು ನಿಷ್ಠೆ ಇರಲಿಲ್ಲ, ಹೋಟೆಲಿನ ಕಾಫಿಯನ್ನು ಆರಾಮವಾಗಿ ಹೀರುತ್ತಿದ್ದರು. ಅವ್ವ ಮಾತ್ರ ಅಣ್ಣನ ಈ ಅಭ್ಯಾಸವನ್ನೇ ಹಿಡಿದುಕೊಂಡು ಅವನಿಗೆ ಮಾತ್ರೆ ನುಂಗಿಸುತ್ತಿದ್ದಳು, ಊಟ ಮಾಡಿಸುತ್ತಿದ್ದಳು.

ಠಾಣೆಗೆ ಹೋದದ್ದು ಆಯುಧಪೂಜೆಯ ಹಿಂದಿನ ದಿನ. ಕೋರ್ಟಿಗೆ ದಸರಾ ರಜೆ. ಬಾಗಿಲು ತೆರೆಯುವವರೆಗೆ ಲಾಕಪ್ಪಿನಲ್ಲಿರಲಿ ಎಂದರು. ಒಳಗೆ ಬಿಡುವ ಮುಂಚೆ ಬೆಲ್ಟು, ಉಡಿದಾರ, ಶಿವದಾರದ ಸಮೇತ ಲಿಂಗ, ಎಲ್ಲವನ್ನೂ ಬಿಚ್ಚಿಸಿ ತಗಡಿನ ಪೆಟ್ಟಿಗೆಯೊಂದಕ್ಕೆ ಹಾಕಿದರು. ದಾರವಿದ್ದರೆ ನೇಣು ಹಾಕಿಕೊಳ್ಳುತ್ತಾರೆ, ರೂಲ್ಸು ಎಂದು ಹೆಡ್ ಕಾನ್‌ಸ್ಟೇಬಲ್ ಹೇಳಿದರಂತೆ. ರೂಲ್ಸು ಎಂದ ಮೇಲೆ ಅಪ್ಪ ತಲೆಯಾಡಿಸಿ ಮನೆಗೆ ಬಂದರು. ಲಿಂಗದ ಮಾತನ್ನು ಅವ್ವನಿಗೆ ಹೇಳಲೇ ಇಲ್ಲ.

ಮಾರನೆಯ ದಿನ ಅವ್ವ, ನಾನು ರೊಟ್ಟಿ ಕಟ್ಟಿಕೊಂಡು ಹೋದೆವು. ಠಾಣೆಯಲ್ಲಿ ಹಬ್ಬವೋ ಹಬ್ಬ. ಜೀಪಿಗೆ ಬಾಳೆಕಂದು, ಬಂದೂಕಿಗೆ ಚೆಂಡುಹೂವಿನ ಹಾರ. ಸಾಲಾಗಿ ಒರಗಿಸಿದ್ದ ಲಾಠಿಗಳಿಗೆಲ್ಲ ವಿಭೂತಿ, ಕುಂಕುಮ. ನಮ್ಮ ಕೈಗೂ ಕಡ್ಲೆಪುರಿ ಕೊಟ್ಟರು. ಕಂಬಿಯ ಹಿಂದೆ ಅಣ್ಣ ಕೂತಿದ್ದ, ಪಕ್ಕದಲ್ಲಿ ಹಿಂದಿನ ದಿನದ ಅನ್ನ, ನೀರಿನ ಚೊಂಬು, ಎರಡೂ ಮುಟ್ಟದೆ ಹಾಗೇ ಇದ್ದವು. ತುಟಿ ಒಡೆದಿತ್ತು. ತೋಳಿನ ಮೇಲೆ ಬಾಸುಂಡೆ. ರಾತ್ರಿಯೆಲ್ಲ ಲಿಂಗ ಲಿಂಗ ಎಂದು ಕೂಗಾಡಿದ, ಸುಮ್ಮನಾಗಿಸಿದೆವು ಎಂದರು.

ಅವ್ವ ಹೆಡ್ ಕಾನ್‌ಸ್ಟೇಬಲ್ಲರ ಕಾಲು ಹಿಡಿಯುವುದೊಂದು ಬಾಕಿ. ಕೊರಳಿಗೆ ಕಟ್ಟುವುದು ಬೇಡ, ನಿಮ್ಮ ಕೈಯಲ್ಲೇ ಹಿಡಿದು ತೋರಿಸಿ, ಅವನು ಕುಡಿಯುತ್ತಾನೆ, ಆಮೇಲೆ ಪೆಟ್ಟಿಗೆಗೇ ಹಾಕಿ ಎಂದು ಬೇಡಿಕೊಂಡಳು. ಬೀಗದ ಕೈ ಸಾಹೇಬರ ಹತ್ತಿರ ಇದೆ, ಸಾಹೇಬರು ರಜೆಯಲ್ಲಿದ್ದಾರೆ ಎಂಬ ಉತ್ತರ ಬಂತು. "ಬಾಯಾರಿದ್ರೆ ತಾನೇ ಕುಡೀತಾನೆ, ಬಿಡಿ ಅಮ್ಮ."

ಆಗ ಅವ್ವ ಯಾರೂ ಮಾಡದ ಕೆಲಸ ಮಾಡಿದಳು. ದೀಕ್ಷೆಯಾದಂದಿನಿಂದ ಮೈಯಿಂದ ಅಗಲಿಸದಿದ್ದ ತನ್ನ ಲಿಂಗವನ್ನೇ ಕೊರಳಿಂದ ತೆಗೆದು ಕಂಬಿಯೊಳಗೆ ಚಾಚಿದಳು.

"ತಗಳಪ್ಪಾ, ಇದಕ್ಕೆ ತೋರ್ಸಿ ಕುಡಿ."

ಅಣ್ಣ ಬಗ್ಗಿ ನೋಡಿದ. ನಮ್ಮೆಲ್ಲರ ಹೆಸರು ಮರೆತಿದ್ದವನಿಗೆ ಅದು ಯಾರದೆಂದು ಗೊತ್ತಾಯಿತು.

"ಇದು ನಿಂದವ್ವಾ. ನಂದು ಆ ಪೆಟ್ಟಿಗ್ಯಾಗೈತಿ."

ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಅವ್ವ ಅಳಲಿಲ್ಲ, ದಾರಿಯುದ್ದಕ್ಕೂ ನಾನು ಅತ್ತೆ. ಸಂಜೆ ಅಪ್ಪನ ಮುಂದೆ ಎಲ್ಲ ಹೇಳಿದೆವು. ಪೊಲೀಸರನ್ನು ಎದುರು ಹಾಕಿಕೊಂಡರೆ ಅವನಿಗೇ ಕಷ್ಟ, ಕೋರ್ಟು ತೆರೆಯಲಿ ಎಂದರು.

ಕೋರ್ಟು ತೆರೆಯುವ ಮೊದಲೇ ಠಾಣೆಯಿಂದ ಹೇಳಿಕಳುಹಿಸಿದರು. ಹೃದಯ ನಿಂತಿತಂತೆ. ಎಲ್ಲರ ಹೃದಯವೂ ಕೊನೆಗೆ ನಿಲ್ಲುತ್ತದೆ, ಅದಕ್ಕೆ ಠಾಣೆಗೆ ಹೋಗಬೇಕಾಗಿಲ್ಲ. ಬೆನ್ನಿನ ಮೇಲಿನ ಗುರುತುಗಳನ್ನು ಯಾರೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಬಿಡುಗಡೆಯಾಯಿತು ಅಂದುಕೊಳ್ಳಿ ಎಂದ ನೆಂಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬೆಲ್ಟು, ಉಡಿದಾರ, ಲಿಂಗವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು. ಸಾಹೇಬರು ಇನ್ನೂ ರಜೆಯಲ್ಲೇ ಇದ್ದರು. ಪೆಟ್ಟಿಗೆ ಮಾತ್ರ ಅದು ಹೇಗೋ ತೆರೆದಿತ್ತು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅಣ್ಣನನ್ನು ಗುಂಡಿಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಅಯ್ಯನವರು ಅವನ ಎಡ ಅಂಗೈಯಲ್ಲಿ ಲಿಂಗವಿಟ್ಟರು. ಮಣ್ಣು ಹಾಕಿ ಎನ್ನುವಷ್ಟರಲ್ಲಿ ಅವ್ವ ತಡೆದಳು. ಮನೆಯಿಂದಲೇ ತಂದಿದ್ದ ಲೋಟದೊಂದಿಗೆ ಗುಂಡಿಯ ಅಂಚಿಗೆ ಬಗ್ಗಿ, ನೀರನ್ನು ಮೊದಲು ಲಿಂಗಕ್ಕೆ ತೋರಿಸಿದಳು.

"ನಿಂದೇ ಬಂತಪ್ಪಾ, ಈಗ ಕುಡಿ."

ತುಟಿಗೆ ಹನಿಸಿದ ನೀರು ಗಡ್ಡದ ಮೇಲೆ ಇಳಿದುಹೋಯಿತು.